ಅಪ್ಪನ ಕೆಮ್ಮು ಮತ್ತು ಮೆಕ್ಯಾನಿಕಲ್ ಸೀಟು

ಸಿಇಟಿಯಲ್ಲಿ ನನಗೆ ಬಂದ ರ‍್ಯಾಂಕು ಎತ್ತಿ ಆಡಿಸುವಂಥದ್ದೂ ಅಲ್ಲ, ಬಿಸಾಡುವಂಥದ್ದೂ ಅಲ್ಲ. ಆದರೆ ಹೊಂಗನೂರಿನ ನಮ್ಮ ಬೀದಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕು ಬಂದವಳು ನಾನೊಬ್ಬಳೇ ಆದ್ದರಿಂದ ಬೀದಿಗೆ ನಾನೇ ಫಸ್ಟು. ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋಗಲು ನನಗೆ ಎಳ್ಳಷ್ಟೂ ಭಯವಿರಲಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ಪಿಯುಸಿ ಮೇಷ್ಟ್ರು ಮೊದಲೇ ವಿವರಿಸಿದ್ದರು. ದೊಡ್ಡ ಹಾಲ್ ಇರುತ್ತದೆ. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಪರದೆಯ ಮೇಲೆ ತೋರಿಸುತ್ತಾರೆ. ನಮ್ಮ ಸರದಿ ಬಂದಾಗ ಕಂಪ್ಯೂಟರ್ ಮುಂದೆ ಕೂತು ಬೇಕು ಅಥವಾ ಬೇಡ ಅನ್ನಬೇಕು. ಬೇಡ ಅಂದವರಿಗೆ ಎರಡನೇ ಸುತ್ತು ಇರುತ್ತದೆ. ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. ಇದು ಗೂಡಿನ ಮಾರ್ಕೆಟ್ಟು!

ಗೂಡಿನ ಮಾರ್ಕೆಟ್ಟಿನ ವಿಷಯದಲ್ಲಿ ನಾನು ಸಾಮಾನ್ಯಳಲ್ಲ. ನಮ್ಮದು ತಾತನ ಕಾಲದಿಂದ ರೇಷ್ಮೆ ಹುಳು ಸಾಕುವ ಮನೆ. ಗೂಡು ಬಿಡಿಸಿ ರಾಮನಗರಕ್ಕೆ ಒಯ್ಯುವಾಗ ಸ್ಕೂಲಿಗೆ ರಜೆ ಇದ್ದರೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಗೂಡು ಸುರಿದು ನಿಂತರೆ ನೂಲು ತೆಗೆಯುವ ರೀಲರ್‌ಗಳು ಬಂದು, ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಹುಳ್ಳಗೆ ಮಾಡಿಕೊಂಡು ರೇಟು ಕೂಗುತ್ತಾರೆ. ಅದಕ್ಕೆ ‘ಕೊಡಲ್ಲ’ ಅನ್ನುವ ಉದ್ಯೋಗ ನನ್ನದು. ಚಿಕ್ಕ ಹುಡುಗಿಯ ಹತ್ತಿರ ಚೌಕಾಸಿ ಮಾಡಲು ಅವರಿಗೂ ನಾಚಿಕೆ. ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವವನು ಮಾತ್ರ ಹಿಂದೆ ನಿಂತ ಅಪ್ಪ. ಅವನು ಬಾಯಿ ಬಿಟ್ಟರೆ ನಮಗೆ ಗರಜು ಇದೆ ಎಂದು ಗೊತ್ತಾಗುತ್ತದೆ. ಅದಕ್ಕೇ ನಮ್ಮಿಬ್ಬರಲ್ಲಿ ಒಂದು ಏರ್ಪಾಡು ಇತ್ತು. ಅಪ್ಪ ಕೆಮ್ಮಿದರೆ ಕೊಡಬಾರದು, ಸುಮ್ಮನಿದ್ದರೆ ಕೊಡಬೇಕು. ಮೊದಲ ಕೂಗಿಗೆ ಅಪ್ಪ ಕೆಮ್ಮದೆ ಇದ್ದದ್ದನ್ನು ನಾನು ಕಂಡೇ ಇಲ್ಲ. ಕೆಮ್ಮಿದ ಮೇಲೆ ರೇಟು ಏರದೆ ಇದ್ದದ್ದೂ ಅಪರೂಪ.

ನನಗೆ ಬೇಕಾಗಿದ್ದದ್ದು ಮೆಕ್ಯಾನಿಕಲ್. ಆಗ ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಬೆಂಗಳೂರಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಕಾರು ತಯಾರಿಸುವ ಫ್ಯಾಕ್ಟರಿಯ ಕಡೆ ತಿರುಗುವ ಕಂಪನಿ ಬಸ್ಸುಗಳನ್ನು ನೋಡುತ್ತಿದ್ದೆ. ಒಳಗೆ ಒಂದೇ ಬಣ್ಣದ ಅಂಗಿ ತೊಟ್ಟವರು ನಿದ್ದೆ ಮಾಡುತ್ತಾ ಹೋಗುತ್ತಿದ್ದರು. ನನಗೂ ಆ ಅಂಗಿ ಬೇಕು, ಆ ಬಸ್ಸು ಬೇಕು, ಆ ನಿದ್ದೆಯೂ ಬೇಕು ಅನ್ನಿಸುತ್ತಿತ್ತು. ಹುಳು ಸಾಕುವ ಮನೆಯಲ್ಲಿ ನಿದ್ದೆ ಇರುವುದು ಹುಳುವಿಗೆ ಮಾತ್ರ. ಹುಳುವಿನ ವಾಸನೆ ಇಲ್ಲದ ಒಂದು ಕೆಲಸ ಸಿಕ್ಕರೆ ಸಾಕು ಎಂದು ನಾನು ದೇವರಲ್ಲಿ ಕೇಳಿಕೊಂಡಿದ್ದೆ.

ದುಡ್ಡಿನ ಲೆಕ್ಕವನ್ನು ಅಪ್ಪ ಬೆಳೆಯಲ್ಲಿ ಹಾಕಿದ್ದ. ಸರ್ಕಾರಿ ಫೀಸಿನ ಸೀಟು ಹತ್ತಿರದಲ್ಲಿ ಸಿಕ್ಕರೆ ವರ್ಷಕ್ಕೆ ಒಂದು ಬೆಳೆ ಗೂಡು ಸಾಕು. ದೂರ ಹೋಗಿ ಹಾಸ್ಟೆಲ್ ಸೇರಿದರೆ ಮೂರು ಬೆಳೆಯೂ ಸಾಲದು. ಆ ಸಲದ ಬೆಳೆ ಚೆನ್ನಾಗಿ ಬಂದಿತ್ತು. ಅಪ್ಪ ಗೂಡು ಮಾರಿ, ಚನ್ನಪಟ್ಟಣದ ಬ್ಯಾಂಕಿನಲ್ಲಿ ಡಿ.ಡಿ. ತೆಗೆಸಿ, ಅದನ್ನು ಬನಿಯನ್ನಿನ ಒಳಜೇಬಿನಲ್ಲಿ ಇಟ್ಟುಕೊಂಡು ನನ್ನ ಜೊತೆ ಹೊರಟ.

ಹಾಲ್‌ನಲ್ಲಿ ಏಸಿ ಹಾಕಿದ್ದರು. ನಮ್ಮಪ್ಪ ಜೀವಮಾನದಲ್ಲೇ ಏಸಿಯಲ್ಲಿ ಕೂತವನಲ್ಲ. ಟವಲನ್ನು ಕಿವಿಗೆ ಸುತ್ತಿಕೊಂಡು, ಕುರಿಮಂದೆ ಕಾಯುವವನ ಹಾಗೆ ಕೂತಿದ್ದ. ನಮ್ಮ ಸರದಿ ಬಂತು. ಕಂಪ್ಯೂಟರ್ ಹಿಂದಿದ್ದ ಮೇಡಂ ನನ್ನ ರ‍್ಯಾಂಕು ನೋಡಿ, ಮಂಡ್ಯದಲ್ಲಿ ಮೆಕ್ಯಾನಿಕಲ್ ಇದೆ, ಸರ್ಕಾರಿ ಫೀಸು, ಒಂದೇ ಸೀಟು ಉಳಿದಿರುವುದು ಎಂದರು.

ನನ್ನ ಮನಸ್ಸು ಕುಣಿಯಿತು. ಮಂಡ್ಯ ಎಂದರೆ ಚನ್ನಪಟ್ಟಣದಿಂದ ರೈಲು, ತಿಂಗಳ ಪಾಸು, ಮನೆ ಊಟ. ಇದಕ್ಕಿಂತ ಒಳ್ಳೆಯದು ನನ್ನ ರ‍್ಯಾಂಕಿಗೆ ಇರಲೇ ಇಲ್ಲ. ಆದರೆ ಮನಸ್ಸು ಕುಣಿದದ್ದು ಮುಖದಲ್ಲಿ ಕಾಣಬಾರದಲ್ಲ. ನಾನು ಮೆಲ್ಲಗೆ ಒಂದು ಆಕಳಿಕೆ ತೆಗೆದೆ. ‘ಇದೇ ಕೊನೆ’ ಅನ್ನುವಂಥ ಮಾತನ್ನು ಮಾರ್ಕೆಟ್ಟಿನಲ್ಲಿ ಎಷ್ಟು ಸಲ ಕೇಳಿಲ್ಲ ನಾನು! ಆಗ ಹಿಂದಿನಿಂದ ಅಪ್ಪ ಕೆಮ್ಮಿದ.

“ಬೇಡ ಮೇಡಂ,” ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು, ಯೋಚನೆ ಮಾಡಿ ಹೇಳಮ್ಮ, ಮತ್ತೆ ಸಿಗಲಿಕ್ಕಿಲ್ಲ ಅಂದರು. ರೇಟು ಏರುವ ಮುಂಚೆ ರೀಲರ್‌ಗಳೂ ಹೀಗೇ ಅನ್ನುತ್ತಾರೆ. ನಾನು ಅಪ್ಪನ ಕಡೆ ಕಿವಿ ಕೊಟ್ಟೆ. ಅಪ್ಪ ಈ ಸಲ ಕೆಮ್ಮಿದ್ದು ಎಂಥ ಕೆಮ್ಮು ಅಂದರೆ ಪಕ್ಕದ ಕೌಂಟರಿನವರೂ ತಿರುಗಿ ನೋಡಿದರು. ಇಷ್ಟು ಜೋರಾಗಿ ಅಪ್ಪ ಮಾರ್ಕೆಟ್ಟಿನಲ್ಲಿ ಕೆಮ್ಮಿದ್ದೇ ಇಲ್ಲ. ಎರಡನೇ ಸುತ್ತಿನಲ್ಲಿ ಬೆಂಗಳೂರೇ ಸಿಗುತ್ತದೆ ಎಂದು ನನಗೆ ಖಾತ್ರಿಯಾಯಿತು.

“ಬೇಡ ಅಂತ ಹಾಕಿ ಮೇಡಂ,” ಎಂದು ಹೇಳಿ, ಸೈನು ಮಾಡಿ, ಗತ್ತಿನಿಂದ ಎದ್ದು ಬಂದೆ.

ಹೊರಗೆ ಬಿಸಿಲಿಗೆ ಬಂದ ಮೇಲೆ ಅಪ್ಪ ಕಿವಿಯ ಟವಲು ಬಿಚ್ಚಿದ.

“ಯಾಕವ್ವ ಬ್ಯಾಡ ಅಂದ್ಬುಟ್ಟೆ? ಮಂಡ್ಯ ಚೆಂದಾಗಿತ್ತಲ್ಲ?”

“ನೀನೇ ಕೆಮ್ಮಿದ್ಯಲ್ಲಪ್ಪ!”

“ಚಳೀಗ್ ಕೆಮ್ಮುದೆ ಕಣವ್ವ. ಉಸ್ರು ಕಟ್ಕೊಂಡು ಸಾಯ್ಬೇಕಾಗಿತ್ತಾ?”

ಇಬ್ಬರೂ ವಾಪಸು ಓಡಿದೆವು. ಬಾಗಿಲಲ್ಲಿದ್ದವನು ಒಳಗೆ ಬಿಡಲಿಲ್ಲ. ಬಿಟ್ಟಿದ್ದರೂ ಪ್ರಯೋಜನವಿರಲಿಲ್ಲ, ಹೊರಗಿನ ಪರದೆಯ ಮೇಲೆಯೇ ಮಂಡ್ಯದ ಮುಂದೆ ಇದ್ದ ‘ಒಂದು’ ಹೋಗಿ ಸೊನ್ನೆಯಾಗಿತ್ತು. ಹುಡುಗನೊಬ್ಬ ತನ್ನ ತಾಯಿಯ ಜೊತೆ ನಗುತ್ತಾ ಹೊರಗೆ ಬಂದ. ಅವರ ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ ಅಂತ ಕಾಣುತ್ತದೆ.

ಬಸ್ಸಿನಲ್ಲಿ ಬಿಡದಿ ಬಂದಾಗ ನಾನು ಆ ಕಡೆ ನೋಡಲಿಲ್ಲ. ಕಂಪನಿ ಬಸ್ಸು ನಮ್ಮ ಪಕ್ಕದಲ್ಲೇ ಬಂದು ನಿಂತಿತು. ಕಣ್ಣು ಮುಚ್ಚಿಕೊಂಡು ಅತ್ತೆ. ಅಪ್ಪ ಕಡಲೆಕಾಯಿ ಕೊಡಿಸಿದ. ಅಳುತ್ತಲೇ ಎಲ್ಲಾ ತಿಂದೆ.

ಮನೆಯಲ್ಲಿ ಅವ್ವ ಪಾಯಸ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಅಪ್ಪ ಎಲ್ಲವನ್ನೂ ಹೇಳಿದ. ಅವ್ವ ಪಾಯಸದ ಪಾತ್ರೆಗೆ ತಟ್ಟೆ ಮುಚ್ಚಿ, “ನೀವಿಬ್ರೂ ಸೀಟ್ ತರಕ್ ಹೋಗಿದ್ರೋ, ಗೂಡ್ ಮಾರಕ್ ಹೋಗಿದ್ರೋ?” ಎಂದು ಕೇಳಿ ಹುಳುವಿಗೆ ಸೊಪ್ಪು ಹಾಕಲು ಹೋದಳು.

ಬೀದಿಯಲ್ಲಿ ಮಾತ್ರ ನನ್ನ ಮರ್ಯಾದೆ ಏರಿತು. ಎದುರು ಮನೆಯ ನಿಂಗಣ್ಣ ಗೂಡು ಮಾರುವುದರಲ್ಲಿ ಎತ್ತಿದ ಕೈ. ನಾನು ಮೊದಲ ಸೀಟನ್ನು ಬೇಡ ಅಂದು ಬಂದೆ ಎಂದು ತಿಳಿದು, “ಭಲೇ ಕಣವ್ವ, ಅಂಗಿರ್ಬೇಕು. ಒಸಿ ತಡಿ, ಅವ್ರೇ ಹುಡೀಕಂಡ್ ಬತ್ತಾರೆ” ಎಂದು ಬೆನ್ನು ತಟ್ಟಿದ. ಯಾರೂ ಹುಡುಕಿಕೊಂಡು ಬರಲಿಲ್ಲ. ಎರಡನೇ ಸುತ್ತಿಗೆ ನಾವೇ ಹೋದೆವು.

ಈ ಸಲ ಅಪ್ಪ ಸ್ವೆಟರ್ ಹಾಕಿಕೊಂಡು, ಜೇಬಿಗೆ ಶುಂಠಿ ಚೂರು ಇಟ್ಟುಕೊಂಡು ಬಂದಿದ್ದ. ಅದೇ ಮೇಡಂ ಇದ್ದರು. ನನ್ನನ್ನು ಗುರುತು ಹಿಡಿದರು. ಮೆಕ್ಯಾನಿಕಲ್ ಉಳಿದಿರುವುದು ಬೀದರ್ ಕಡೆ ಒಂದು ಕಾಲೇಜಿನಲ್ಲಿ ಮಾತ್ರ, ಬೆಂಗಳೂರಿನಲ್ಲೇ ಬೇಕೆಂದರೆ ಸಿಲ್ಕ್ ಟೆಕ್ನಾಲಜಿ ಇದೆ ಎಂದರು.

“ಅದರಲ್ಲಿ ಏನು ಓದಬೇಕು ಮೇಡಂ?”

“ರೇಷ್ಮೆ ಬಗ್ಗೆ ಕಣಮ್ಮ. ಗೂಡು, ನೂಲು, ಬಟ್ಟೆ.”

ಬೆಂಗಳೂರು ಅಂದರೆ ಅದೇ ರೈಲು, ಅದೇ ಪಾಸು. ಬೀದರ್ ಅಂದರೆ ಹಾಸ್ಟೆಲ್ಲು. ಹಾಸ್ಟೆಲ್ಲು ಅಂದರೆ ಮೂರು ಬೆಳೆ, ಅವ್ವನ ನಿದ್ದೆ, ಅಪ್ಪನ ಬೆನ್ನು. ಒಂದು ಬೆಳೆಗೆ ಸಿಗುತ್ತಿದ್ದ ಸೀಟನ್ನು ಆಕಳಿಸಿ ಬಿಟ್ಟು ಬಂದವಳು ಈಗ ಮೂರು ಬೆಳೆ ಕೇಳುವುದು ಹೇಗೆ? ನನ್ನ ಮೇಲೆ ನನಗೇ ತಡೆಯಲಾರದ ಸಿಟ್ಟು ಬಂತು. ಅಷ್ಟರಲ್ಲಿ ಹಿಂದೆ ಶುಂಠಿ ಗಂಟಲಿಗೆ ಸಿಕ್ಕಿಕೊಂಡು ಅಪ್ಪ ಕೆಮ್ಮಿದ. ನಾನು ತಿರುಗಿದೆ.

“ಅಪ್ಪ, ಇದು ಯಾವ ಕೆಮ್ಮು?”

“ಬರೀ ಕೆಮ್ಮು ಕಣವ್ವ,” ಅಂದ. ಕಣ್ಣಲ್ಲಿ ನೀರು ಬಂದಿತ್ತು, ಶುಂಠಿಯದ್ದೇ ಇರಬೇಕು. “ಬೀದರೇ ಬೇಕು ಅಂದ್ರೆ ಅದ್ನೇ ತಗೊ. ನಾನ್ ನೋಡ್ಕತೀನಿ.”

ಹೀಗೆ ನಾನು ಸಿಲ್ಕ್ ಟೆಕ್ನಾಲಜಿ ಸೇರಿದೆ. ಹುಳುವಿನಿಂದ ತಪ್ಪಿಸಿಕೊಳ್ಳಲು ಹೊರಟವಳು ನಾಲ್ಕು ವರ್ಷ ಫೀಸು ಕಟ್ಟಿ ಅದರ ಹಿಂದೆಯೇ ಹೋದೆ. ಕಾಲೇಜಿನಲ್ಲಿ ಮೊದಲ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೂಡನ್ನು ತೋರಿಸಿ, ಇದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ನಾನು ಕೈ ಎತ್ತಲಿಲ್ಲ.

ಮುಂದಿನ ಬೆಳೆಯ ಗೂಡು ಮಾರಲು ಅಪ್ಪ ನನ್ನನ್ನು ಕರೆದ. ಈಗ ರೇಷ್ಮೆ ಓದುವವಳು, ನೀನೇ ಇರಬೇಕು ಅಂದ. ರೀಲರ್ ಬಂದು ಹಿಡಿ ಗೂಡು ಎತ್ತಿ ರೇಟು ಕೂಗಿದ. ನಾನು ಅಪ್ಪನನ್ನು ನೋಡಿದೆ. ಅಪ್ಪ ಟವಲಿನಿಂದ ಬಾಯಿ ಒತ್ತಿ ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದ. ಮಂಡ್ಯದ ಮುಂದಿನ ಆ ಸೊನ್ನೆ ನನ್ನ ಕಣ್ಣ ಮುಂದೆ ಬಂತು.

“ಕೊಟ್ಟೆ,” ಅಂದೆ.

ರೀಲರ್‌ಗೇ ನಂಬಿಕೆ ಬರಲಿಲ್ಲ. ನಮ್ಮ ಮಗ್ಗುಲಲ್ಲಿ ನಿಂಗಣ್ಣನ ಗೂಡು ಇತ್ತು. ನಮ್ಮದಕ್ಕಿಂತ ಒಂದು ಕೈ ಕಡಿಮೆ ಗೂಡೇ. ಅವನು ಮೊದಲ ಕೂಗಿಗೆ ಬೇಡ ಅಂದ, ಎರಡನೆಯದಕ್ಕೂ ಬೇಡ ಅಂದ, ನಮಗಿಂತ ಎಷ್ಟೋ ಹೆಚ್ಚಿಗೆ ಮಾರಿಕೊಂಡು ಬೀಡಿ ಹಚ್ಚಿದ.

ಅಪ್ಪ ಅದನ್ನು ನೋಡಿ ಬಾಯಿಂದ ಟವಲು ತೆಗೆದ. ಆಮೇಲೆ ಕೆಮ್ಮಿದ.