ಎರಡನೇ ಆಸನಕ್ಕೆ ಹೋದ ನನ್ನ ಮೌಸು

ನಮ್ಮ ಪ್ರೆಸ್ಸಿನ ಲಿನಕ್ಸ್ ಗಣಕದೊಳಗೆ ಕೂತು ಆಸನಗಳನ್ನು ಹಂಚುವ ವ್ಯವಸ್ಥಾಪಕ ತಂತ್ರಾಂಶದವರ ಸನ್ನಿಧಿಗೆ,

ಮಾನ್ಯರೇ,

ಕಣ್ಣಿಗೆ ಕಾಣದೆ, ಸಂಬಳ ಕೇಳದೆ, ರಜೆ ಹಾಕದೆ ದುಡಿಯುವ ತಮಗೆ ಈ ಸಣ್ಣ ಪ್ರೆಸ್ಸಿನವನ ನಮಸ್ಕಾರಗಳು.

ಒಂದೇ ಗಣಕಕ್ಕೆ ಎರಡು ಪರದೆ, ಎರಡು ಕೀಬೋರ್ಡ್, ಎರಡು ಮೌಸ್ ಜೋಡಿಸಿದರೆ, ತಾವು ಒಂದೊಂದು ಜೊತೆಯನ್ನೂ ಒಂದೊಂದು ‘ಆಸನ’ವೆಂದು ಬೇರ್ಪಡಿಸಿ ಕೊಡುವುದರಿಂದ, ಇಬ್ಬರು ಒಬ್ಬರ ಗೊಡವೆಗೆ ಒಬ್ಬರು ಹೋಗದೆ ಕೆಲಸ ಮಾಡಬಹುದೆಂದು, ತಮ್ಮನ್ನು ನಂಬಿಯೇ ನಾನು ಹೆಂಡತಿಗೆ ಮಾತು ಕೊಟ್ಟೆ. ಆ ಮಾತು ನಂಬಿ ಅವಳು ಎದುರಿನ ದೊಡ್ಡ ಪ್ರೆಸ್ಸಿನ ಡಿಸೈನರ್ ಕೆಲಸ ಬಿಟ್ಟು ಬಂದಳು. ಪರದೆಗೆ ಚಿತ್ರ ಕಳಿಸುವ ಎರಡನೇ ಡಿಸ್‌ಪ್ಲೇ ಕಾರ್ಡನ್ನು ಎರಡನೇ ಆಸನಕ್ಕೆ ಒಪ್ಪಿಸಿ, ಪರದೆಯ ಮೇಲೆ ಕಿಟಕಿಗಳನ್ನು ಜೋಡಿಸಿ ತೋರಿಸುವ ಕಂಪೋಸಿಟರ್ ಎಂಬ ತಂತ್ರಾಂಶವನ್ನು ಅಲ್ಲಿ ಚಾಲೂ ಮಾಡಿದಾಗ ಅವಳ ಪರದೆ ಬೆಳಗಿದ್ದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ವೈರು ಗಿಡ್ಡವೆಂದು ನನ್ನ ಮೌಸನ್ನೂ ಅವಳ ಮೌಸು, ಕೀಬೋರ್ಡಿನ ಜೊತೆ ಮೇಜಿನ ಮೇಲಿನ ಒಂದೇ ಯುಎಸ್‌ಬಿ ಹಬ್‌ಗೆ ಚುಚ್ಚಿದ್ದೆ. ಹಬ್ ಅವಳದ್ದೆಂದು ನಾನು ಹೇಳಿದ್ದೇ ತಡ, ಅದಕ್ಕೆ ಚುಚ್ಚಿದ್ದೆಲ್ಲವೂ ಅವಳದ್ದೇ ಎಂದು ತೀರ್ಮಾನಿಸಿದ ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ನಾನು ಇಲ್ಲಿ ಕೈಯಾಡಿಸಿದರೆ ಬಾಣದ ಗುರುತು ಅವಳ ಪರದೆಯಲ್ಲಿ ಓಡಿತು. ದಂತವೈದ್ಯರ ವಿಸಿಟಿಂಗ್ ಕಾರ್ಡಿಗೆ ಅವಳು ಅಚ್ಚುಕಟ್ಟಾಗಿ ಕೂರಿಸಿದ್ದ ಹಲ್ಲು ಹೋಗಿ ವೈದ್ಯರ ಹೆಸರಿನ ಮೇಲೆ ಬಿತ್ತು. “ರೀ, ಬೇರೆ ಸೀಟು ಅಂತ ಕರ್ಕೊಂಡು ಬಂದು ನನ್ನ ಕೆಲಸದೊಳಗೇ ಕೈ ಹಾಕ್ತೀರಲ್ಲ, ಶನಿವಾರದೊಳಗೆ ಸರಿಹೋಗದಿದ್ರೆ ನಾನು ಎದುರುಗಡೆಗೇ ವಾಪಸ್ಸು, ಅಲ್ಲಿ ನನ್ನ ಕುರ್ಚಿ ಹಾಗೇ ಇದೆ” ಎಂದು ಅವಳು ಹೇಳಿದ್ದು ತಮಗೂ ಕೇಳಿಸಿರಬೇಕು.

ಶುಕ್ರವಾರ ನನ್ನ ಮೌಸನ್ನು ಹಬ್‌ನಿಂದ ಕಿತ್ತು ಗಣಕದ ಪೆಟ್ಟಿಗೆಗೇ ಚುಚ್ಚಿದೆ. ತಾವು ಕೂಡಲೇ ಅದನ್ನು ನನಗೆ ಮರಳಿಸಿದಿರಿ. ಪೆಟ್ಟಿಗೆ ಇರುವುದು ಮೇಜಿನಡಿಯ ಮೂಲೆಯಲ್ಲಾದ್ದರಿಂದ, ಉದ್ದ ವೈರಿನ ಮೌಸು ಬರುವವರೆಗೆ ನಾನು ನೆಲದ ಮೇಲೆ ಕೂತು, ಕತ್ತೆತ್ತಿ ಪರದೆ ನೋಡುತ್ತಾ ಸಂಸ್ಥೆಯನ್ನು ಮುನ್ನಡೆಸುತ್ತಿದ್ದೇನೆ. ನನ್ನ ಕುರ್ಚಿಯ ಮೇಲೆ ಅವಳ ಕೈಚೀಲ ಕೂತಿದೆ. ಹಲ್ಲು ಮಾತ್ರ ಸ್ವಸ್ಥಾನಕ್ಕೆ ಮರಳಿದೆ.

ಆದಕಾರಣ, ಫ್ಯಾನಿನ ಗಾಳಿ, ಕಿಟಕಿಯ ಬೆಳಕು, ಗಿರಾಕಿಗಳ ಬೈಗುಳ ಇವನ್ನೂ ಆಸನವಾರು ಹಂಚಿ, ಬೈಗುಳವನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕೆಂದು ವಿನಂತಿ.

ಮೇಜಿನಡಿಯಿಂದ,
ತಮ್ಮ ವಿಶ್ವಾಸಿ,
ಮೊದಲನೇ ಆಸನದವನು (ಆಸನವಿಲ್ಲದೆ)

ತಾ.ಕ.: ಎದುರಿನ ಪ್ರೆಸ್ಸಿನವರು ಕುರ್ಚಿ ಇನ್ನೂ ಖಾಲಿ ಇದೆಯೆಂದು ಇಂದು ಹೇಳಿಕಳಿಸಿದ್ದರು. “ನಾನು ಬರಲ್ಲ, ನಮ್ಮೆಜಮಾನ್ರನ್ನ ಬೇಕಾದ್ರೆ ಕರ್ಕೊಳ್ಳಿ, ಅವರಿಗೆ ಕುರ್ಚಿನೂ ಬೇಕಾಗಿಲ್ಲ” ಎಂದು ಇವಳು ಉತ್ತರ ಕೊಟ್ಟಿದ್ದಾಳೆ. ನನ್ನನ್ನು ಯಾವ ಆಸನಕ್ಕೆ ಬರೆದಿದ್ದೀರೋ ತಿಳಿಸಿದರೆ, ಮಧ್ಯಾಹ್ನದ ಊಟಕ್ಕೆ ಎಲ್ಲಿ ಕೂರಬೇಕೆಂದು ಗೊತ್ತಾಗುತ್ತದೆ.