ಹಿಂದಿನ ಚಕ್ರದ ವ್ಯಾಮೋಹ

ಐವತ್ತೈದು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹತ್ತಿಕೊಳ್ಳುತ್ತದೆ ಎಂಬುದನ್ನು ನಾನು ಗಡಿಯಾಚೆ, ಮಿರಜದ ಬಳಿಯ ನಮ್ಮ ವಿಶ್ರಾಮಬಾಗದ ಓಣಿಯಲ್ಲಿ ಕೂತಲ್ಲೇ ಕಂಡುಕೊಂಡಿದ್ದೇನೆ. ಎದುರು ಮನೆಯವರಿಗೆ ಬೆಳಗಿನ ವಾಕಿಂಗ್ ಹತ್ತಿತು. ಅವರು ನಡೆಯುವುದು ಅರ್ಧ ಗಂಟೆ, ನಡೆದದ್ದನ್ನು ವರ್ಣಿಸುವುದು ಒಂದು ಗಂಟೆ. ಪಕ್ಕದ ಮನೆಯವರಿಗೆ ಹೋಮಿಯೋಪತಿ ಹತ್ತಿತು; ಈಗ ಅವರ ಮುಂದೆ ಸೀನುವುದಕ್ಕೂ ನಮಗೆ ಹೆದರಿಕೆ, ಕೂಡಲೇ ನಾಲಿಗೆ ಚಾಚಲು ಹೇಳುತ್ತಾರೆ. ನನಗೆ ಅಂಥದ್ದೇನೂ ಹತ್ತುವುದಿಲ್ಲ, ನಾನು ಭೌತಶಾಸ್ತ್ರದ ಮಾಸ್ತರ, ಎಲ್ಲವನ್ನೂ ಅಳೆದು ತೂಗಿ ಮಾಡುವವನು ಎಂದು ಬೀಗುತ್ತಿದ್ದೆ. ಅಂಥ ನನಗೆ ಹತ್ತಿದ್ದು ಹಳೆಯ ಅಂಬಾಸಿಡರ್ ಕಾರಿನ ಹುಚ್ಚು.

ಮನೆಯಲ್ಲಿ ಒಂದು ಕಾರು ಇಲ್ಲವೆಂದಲ್ಲ. ಬಿಳಿಯ ಬಣ್ಣದ, ಚಿಕ್ಕ, ಸಭ್ಯ ಕಾರೊಂದಿದೆ. ಕರೆದಾಗ ಬರುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಎಣ್ಣೆ ಕಡಿಮೆ ಕುಡಿಯುತ್ತದೆ. ಆದರೆ ಅದರ ಎಂಜಿನ್ನಿನ ಶಕ್ತಿಯೆಲ್ಲ ಮುಂದಿನ ಚಕ್ರಗಳಿಗೆ ಹೋಗುತ್ತದೆ; ಗಾಡಿ ಎಳೆಯುವುದೂ ಅವೇ, ದಾರಿ ತೋರಿಸುವುದೂ ಅವೇ. ಅಂಬಾಸಿಡರಿನಲ್ಲಿ ಹಾಗಲ್ಲ, ಹಿಂದಿನ ಚಕ್ರಗಳು ದೂಡುತ್ತವೆ, ಮುಂದಿನವು ದಾರಿ ತೋರಿಸುತ್ತವೆ. ಹೊರಡುವಾಗ ಅದು ಹಿಂಭಾಗವನ್ನು ತುಸು ತಗ್ಗಿಸಿ, ಮೂತಿಯನ್ನು ತುಸು ಎತ್ತಿ, ಹಿರಿಯರು ಚಾಪೆಯಿಂದ ಏಳುವ ಹಾಗೆ ಏಳುತ್ತದೆ. ಇದರ ಹಿಂದಿನ ವಿಜ್ಞಾನವನ್ನು ನಾನು ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯ ಮೇಲೆ ರೊಟ್ಟಿಯ ಚೂರುಗಳನ್ನಿಟ್ಟು ಹೆಂಡತಿ ಸುಜಾತಾಳಿಗೆ ವಿವರಿಸಿದೆ. "ನೋಡು, ದೂಡವರು ಬ್ಯಾರೆ, ದಾರಿ ತೋರಸವರು ಬ್ಯಾರೆ. ಕೆಲಸ ಹಂಚಿಕೊಂಡ್ರ ಗಾಡಿ ಹೆಂಗ ಸುಖವಾಗಿ ಹೋಗ್ತೈತಿ!" ಎಂದೆ. ಆಕೆ ಶಾಂತವಾಗಿ ಆ ಚೂರುಗಳ ಮೇಲೆ ಪಲ್ಯ ಬಡಿಸುತ್ತ, "ನಮ್ಮ ಮನ್ಯಾಗ ಎರಡೂ ಕೆಲಸ ನಾನ ಮಾಡ್ತೀನಿ. ನಾ ಮುಂದಿನ ಚಕ್ರದ ಗಾಡೀನ. ಇರ್ಲಿ ಬಿಡ್ರಿ," ಎಂದಳು. ಅಲ್ಲಿಗೆ ವಿಜ್ಞಾನ ಮುಗಿಯಿತು.

ಓದುಗರ ಮುಂದೆ ಸುಳ್ಳು ಹೇಳಬಾರದು. ಹಿಂದಿನ ಚಕ್ರ, ಮುಂದಿನ ಚಕ್ರ ಎಂಬುದೆಲ್ಲ ನೆಪ. ನನ್ನ ನಿಜವಾದ ಆಸೆ ಇದ್ದದ್ದು ಆ ಹಳೆಯ ಅಂಬಾಸಿಡರಿನ ಮುಂದಿನ ಸೀಟಿನ ಮೇಲೆ. ಅದು ಸೀಟಲ್ಲ, ಸೋಫಾ. ಈ ಬಾಗಿಲಿನಿಂದ ಆ ಬಾಗಿಲಿನ ತನಕ ಒಂದೇ. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುವುದರಿಂದ ನಡುವೆ ಅಡ್ಡಿಯಿಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಕಾಕಾ ಅವರ ಅಂಬಾಸಿಡರಿನಲ್ಲಿ ಹರಿಪುರದ ಸಂಗಮಕ್ಕೆ ಹೋಗಿದ್ದೆವು. ಒಟ್ಟು ಹನ್ನೊಂದು ಜನ, ಮುಂದೆಯೇ ನಾಲ್ವರು. ಜಾಗವಿಲ್ಲದ್ದರಿಂದ ಸುಜಾತಾ ನನಗೆ ಅಂಟಿಕೊಂಡೇ ಕೂರಬೇಕಾಯಿತು, ಹಿರಿಯರೆಲ್ಲ ಇದ್ದರೂ ಯಾರೂ ತಪ್ಪು ತಿಳಿಯುವಂತಿರಲಿಲ್ಲ. ಅಷ್ಟು ಸುಖದ ಪ್ರಯಾಣವನ್ನು ನಾನು ಆಮೇಲೆ ಮಾಡಿಲ್ಲ. ಈಗಿನ ಕಾರಿನಲ್ಲಿ ನಮ್ಮಿಬ್ಬರ ನಡುವೆ ಗೇರು, ಹ್ಯಾಂಡ್ ಬ್ರೇಕು, ನೀರಿನ ಬಾಟಲಿ ಮತ್ತು ಆಕೆಯ ದೊಡ್ಡ ಪರ್ಸು ಕೂತಿರುತ್ತವೆ. ಈ ವಯಸ್ಸಿನಲ್ಲಿ ಹೆಂಡತಿಯ ಪಕ್ಕ ಕೂರಬೇಕೆಂದು ಕಾರು ಕೊಳ್ಳುತ್ತೇನೆ ಅಂತ ಬಾಯಿಬಿಟ್ಟು ಹೇಳುವುದು ಹೇಗೆ? ಅದಕ್ಕೇ ರೊಟ್ಟಿಯ ಚೂರುಗಳು.

ಎರಡು ತಿಂಗಳು ಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡೆ. ಕೊನೆಗೆ ಮಿರಜದ ಒಬ್ಬ ಗ್ಯಾರೇಜಿನವನು ಸುದ್ದಿ ಕೊಟ್ಟ: ತಂಬೂರಿ, ಸಿತಾರ ಮಾಡುವ ಗಫೂರ ಚಾಚಾ ತಮ್ಮ ಕೆನೆಬಣ್ಣದ ಅಂಬಾಸಿಡರನ್ನು ಮಾರುತ್ತಿದ್ದಾರೆ, ಒಂದೇ ಕೈಯಲ್ಲಿ ಓಡಿದ ಗಾಡಿ, ಕಣ್ಣು ಮಂಜಾಗಿದ್ದರಿಂದ ಡಾಕ್ಟರು ಸ್ಟೇರಿಂಗ್ ಹಿಡಿಯಬೇಡಿ ಅಂದಿದ್ದಾರೆ. ಉದ್ದ ಕುತ್ತಿಗೆಯ ತಂಬೂರಿಗಳನ್ನು ರೈಲ್ವೆ ಸ್ಟೇಷನ್ನಿಗೆ ಸಾಗಿಸಲೆಂದೇ ಅವರು ಅದನ್ನು ಕೊಂಡಿದ್ದರಂತೆ. ಮುಂದಿನ ಸೀಟು ಸೋಫಾವೇ, ಗೇರು ಸ್ಟೇರಿಂಗಿನ ಪಕ್ಕದಲ್ಲೇ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಭಾನುವಾರ ಮಧ್ಯಾಹ್ನ ಹೋಗಿ ನೋಡುವುದೆಂದು ತೀರ್ಮಾನವಾಯಿತು. ಸುಜಾತಾ ಒಂದೇ ಷರತ್ತು ಹಾಕಿದಳು: "ಹೊತ್ತು ಮುಳಗೂದ್ರಾಗ ಮನಿಗೆ ಬರಬೇಕು. ಊಟ ತಪ್ಪಿದ್ರ ನಾ ಹೊಣೆ ಅಲ್ಲ." ನಮ್ಮದು ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಒಲೆ ಹೊತ್ತುವುದೂ ಇಲ್ಲ, ತಟ್ಟೆ ಇಡುವುದೂ ಇಲ್ಲ.

ಇಲ್ಲಿ ನಮ್ಮ ಮನೆಯ ಒಂದು ಗುಪ್ತ ಅಸ್ತ್ರದ ಬಗ್ಗೆ ಹೇಳಬೇಕು. ನಮ್ಮದು ಕನ್ನಡ ಮೂಲದ ಮನೆತನ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತದೆ. ಹೀಗಾಗಿ ನಮಗಿಬ್ಬರಿಗೆ ಕನ್ನಡ ವ್ಯಾಪಾರದ ಭಾಷೆಯಾಗಿದೆ. ಸೀರೆಯ ಅಂಗಡಿಯಲ್ಲಿ ಸುಜಾತಾ ಮೂಗು ಮುರಿದು ಬಣ್ಣ ಸರಿಯಿಲ್ಲವೆಂದು ಮರಾಠಿಯಲ್ಲಿ ಹೇಳುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇದನ್ನ ತಗೊಳ್ಳೂಣು, ಆದ್ರ ನೀವು ಎದ್ದು ಹೊಂಟಂಗ ಮಾಡ್ರಿ" ಎನ್ನುತ್ತಾಳೆ. ನಾನು ಏಳುತ್ತೇನೆ. ಮೂವತ್ತು ವರ್ಷಗಳಿಂದ ಎದ್ದು ಎದ್ದು ನನಗೆ ಅದರಲ್ಲಿ ಒಳ್ಳೆಯ ಪರಿಣತಿ ಬಂದಿದೆ. ಅಂಗಡಿಯವರು ನಗುನಗುತ್ತ ಬೆಲೆ ಇಳಿಸಿದಾಗ, ಗೆದ್ದೆವೆಂದು ಮನೆಗೆ ಬರುವವರೆಗೂ ಹಿಗ್ಗುತ್ತೇವೆ.

ಗಫೂರ ಚಾಚಾ ಎಪ್ಪತ್ತೈದರ ಆಸುಪಾಸಿನ, ತೆಳ್ಳಗಿನ, ಹಸನ್ಮುಖಿ ಮನುಷ್ಯ. ತಂಬೂರಿಯ ಬುರುಡೆಗೆಂದು ಒಣಗಿಸಿದ ಕುಂಬಳಗಳ ನಡುವೆ ಚಾಪೆ ಹಾಸಿಕೊಂಡು ಕೂತಿದ್ದವರು ನಮ್ಮನ್ನು ಕಂಡು, "ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂಡಿಸಿ ಚಹಾ ತರಿಸಿದರು. ಪಕ್ಕದ ಶೆಡ್ಡಿನಲ್ಲಿ ಕಾರು ನಿಂತಿತ್ತು. ಕಂಡ ಕೂಡಲೇ ನನ್ನ ಎದೆ ಧಡ್ ಎಂದಿತು. ಆದರೆ ಅಸ್ತ್ರವಿತ್ತಲ್ಲ. ಮರಾಠಿಯಲ್ಲಿ ನಾನು ತುಕ್ಕು ತೋರಿಸಿದೆ, ಟೈರು ಸವೆದಿದೆ ಎಂದೆ, ಇಂಥ ಗಾಡಿಗಳನ್ನು ಈಗ ಕೇಳುವವರಾರು ಎಂದು ನಿಟ್ಟುಸಿರು ಬಿಟ್ಟೆ. ನಡುನಡುವೆ ಕನ್ನಡದಲ್ಲಿ ಸುಜಾತಾಳಿಗೆ, "ಮಾರಿ ಮ್ಯಾಲ ಖುಷಿ ತೋರಸಬ್ಯಾಡ. ಮುದುಕ ಎಷ್ಟ ಹೇಳಿದ್ರೂ ನಾ ತಗೋತೀನಿ. ಗಾಡಿಗಿಂತ ಮುದುಕನ ಕಂಡೀಷನ್ ಛಲೋ ಐತಿ ನೋಡು!" ಎಂದೆ. ಚಾಚಾ ಚಹಾದ ಬಟ್ಟಲಿನತ್ತ ನೋಡುತ್ತ ಮುಗುಳ್ನಕ್ಕರು. ಎಷ್ಟು ಮುಗ್ಧ ಜೀವ ಎಂದುಕೊಂಡೆ. ಸುಜಾತಾ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಗಾಡಿ ನಮಗ ಬ್ಯಾಡ. ಆದ್ರ ನಿಮ್ಮ ಮಾರಿ ನೋಡಿದ್ರ ಬ್ಯಾಡ ಅನ್ನಾಕ ಬಾಯಿ ಬರವಲ್ದು," ಎಂದಳು.

ಓಡಿಸಿ ನೋಡೋಣವೆಂದು ಮೂವರೂ ಸೋಫಾದ ಮೇಲೆ ಕೂತೆವು. ನಾನು ಸ್ಟೇರಿಂಗಿಗೆ, ನಡುವೆ ಸುಜಾತಾ, ಆ ಬದಿಗೆ ಚಾಚಾ. ಮಾಲಗಾಂವದ ರಸ್ತೆಗೆ ಬಿಟ್ಟೆ. ಅಬ್ಬಾ, ಏನು ಗಾಡಿ! ಗುಂಡಿಗಳನ್ನು ಅದು ತಗ್ಗೆಂದು ಲೆಕ್ಕಿಸಲೇ ಇಲ್ಲ. ತಿರುವಿನಲ್ಲಿ ಸುಜಾತಾಳ ಭುಜ ನನ್ನ ಭುಜಕ್ಕೆ ತಾಗಿತು. ಮುಂದೆ ತಿರುವು ಇಲ್ಲದ ಕಡೆಯೂ ನಾನು ಒಂದೆರಡು ಸಲ ತಿರುಗಿಸಿದೆ. ಎರಡೂ ಕಡೆ ದ್ರಾಕ್ಷಿ ತೋಟಗಳು, ಇಳಿಬಿಸಿಲು. ನನಗೆ ಇಪ್ಪತ್ತೇಳು ವರ್ಷ ವಯಸ್ಸಾದಂತೆ ಅನ್ನಿಸತೊಡಗಿತು. ಆ ಸಂತೋಷದಲ್ಲಿ ಗೇರು ಬದಲಿಸುವುದನ್ನು ಮರೆತೆ. ಗಾಡಿ ಎರಡು ಸಲ ಜರ್ಕ್ ಹೊಡೆದು ನಿಂತಿತು. ಕೀಲಿ ತಿರುಗಿಸಿದರೆ ಟಿಕ್ ಎಂಬ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತು ಬ್ಯಾಟರಿ ಸೋತುಹೋಗಿತ್ತು; ಹೊರಡುವಾಗ ಒಮ್ಮೆ ಹೊತ್ತಿಸಿದ್ದರಲ್ಲೇ ಅದರ ಉಳಿದ ಕಸುವು ಮುಗಿದಿತ್ತು.

ಸೂರ್ಯ ಇಳಿಯುತ್ತಿದ್ದ. ಸುಜಾತಾ ಆಕಾಶ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮಿರಜದ ಕಡೆಗೇ ರಸ್ತೆ ಸ್ವಲ್ಪ ಇಳಿಜಾರಾಗಿತ್ತು. ಹೇಗೋ ಹಿಂದೆ ಮುಂದೆ ಆಡಿಸಿ ಗಾಡಿಯ ಮೂತಿಯನ್ನು ಆ ಕಡೆ ತಿರುಗಿಸಿದೆವು. ದೂಡಿ ಚಾಲೂ ಮಾಡಬೇಕು. ಚಾಚಾಗೆ ಕಣ್ಣು ಮಂಜು, ದೂಡುವ ಶಕ್ತಿಯೂ ಇಲ್ಲ. ಉಳಿದವಳು ಸುಜಾತಾ. ಆಕೆಗೆ ಲೈಸನ್ಸ್ ಇದೆ. ಹದಿನೈದು ವರ್ಷಗಳ ಹಿಂದೆಯೇ ತೆಗೆಸಿದ್ದಾಳೆ. ಆದರೆ ಪಕ್ಕದಲ್ಲಿ ಕೂತು ನಾನು ಮಾಡುವ ಪಾಠಕ್ಕೆ ಬೇಸತ್ತು ಸ್ಕೂಟಿಯೊಂದೇ ಸಾಕೆಂದು ಬಿಟ್ಟಿದ್ದಳು. ಈಗ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗಿನ ಹಿಂದೆ ಕೂತಳು, ಪಕ್ಕದಲ್ಲಿ ಚಾಚಾ. ನಾನು ಹಿಂದೆ ಹೋಗಿ ಡಿಕ್ಕಿಗೆ ಎರಡೂ ಅಂಗೈ ಕೊಟ್ಟು, ಚಲನೆಯ ನಿಯಮಗಳನ್ನು ಸ್ಮರಿಸಿ ದೂಡಿದೆ. ಗಾಡಿ ಉರುಳಿತು. ಆಗ ಮುಂದಿನ ಕಿಟಕಿಯಿಂದ ಒಂದು ದನಿ ಸ್ಪಷ್ಟವಾಗಿ ಕೇಳಿಸಿತು: "ತಂಗೀ, ಎರಡನೇ ಗೇರಿನ್ಯಾಗ ಇರ್ಲಿ! ಕ್ಲಚ್ ಒತ್ತಿ ಹಿಡಿ! ಈಗ ಬ್ಯಾಡ, ಈಗ ಬ್ಯಾಡ... ಹಾಂ, ಈಗ ಬಿಡು! ಮಾಸ್ತರ್ರ, ಜೋರ್‌ಲೆ ದೂಡ್ರಿ, ಊಟ ಮಾಡೀರಿಲ್ಲೋ!"

ಒಳ್ಳೆಯ, ಖಡಕ್ ಧಾರವಾಡದ ಕನ್ನಡ. ನನ್ನ ಕೈ ಡಿಕ್ಕಿಯಿಂದ ತಾನಾಗಿಯೇ ಬಿದ್ದುಹೋಯಿತು. ಎಂಜಿನ್ ಗುರ್ರೆಂದು ಎದ್ದಿತು, ಗಾಡಿ ಹಿಂಭಾಗವನ್ನು ತುಸು ತಗ್ಗಿಸಿ ಮುಂದಕ್ಕೆ ಜಿಗಿಯಿತು. ನಾನು ಮಾತ್ರ ರಸ್ತೆಯ ನಡುವೆ ನಿಂತು, ಮಧ್ಯಾಹ್ನದಿಂದ ಕನ್ನಡದಲ್ಲಿ ಏನೇನು ಆಡಿದ್ದೆನೋ ಅದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ಕಿವಿ ಬಿಸಿ ಮಾಡಿಕೊಂಡೆ. ಸೀರೆ ಅಂಗಡಿಯವರ ನಗು ನೆನಪಾಯಿತು. ಪಾತ್ರೆ ಅಂಗಡಿಯವನದು, ಬಳೆ ಅಂಗಡಿಯವನದು. ಇಷ್ಟು ವರ್ಷ ಈ ಊರುಗಳಲ್ಲಿದ್ದೂ, ನಮ್ಮ ಓಣಿಗೆ ಕೂಲಿಗೆ ಬರುವವರಲ್ಲೇ ಎಷ್ಟೋ ಜನ ಕನ್ನಡ ಆಡುವುದನ್ನು ದಿನಾ ಕೇಳಿಯೂ, ಇಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಎಂದು ನಂಬಿದ್ದ ನನ್ನಂಥವನು ಹುಡುಗರಿಗೆ ವಿಜ್ಞಾನ ಕಲಿಸುತ್ತಿದ್ದೇನೆ! ಅಷ್ಟರಲ್ಲಿ ನೋಡಿದರೆ ಗಾಡಿ ದೂರದ ಚುಕ್ಕೆಯಾಗಿತ್ತು. ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳದೆಂದು ಸುಜಾತಾ ನಿಲ್ಲಿಸಲೇ ಇಲ್ಲ. ಕಿಟಕಿಯಿಂದ ಕೈ ಬೀಸಿದಳು, ಬಹಳ ಉಲ್ಲಾಸದಿಂದ ಬೀಸಿದಳು.

ಅರ್ಧ ದಾರಿ ನಡೆದು, ಇನ್ನರ್ಧ ಖಾಲಿ ದ್ರಾಕ್ಷಿ ಕ್ರೇಟು ಸಾಗಿಸುವ ಟೆಂಪೋದಲ್ಲಿ ಕೂತು ನಾನು ಮಿರಜ ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಸುಜಾತಾ ಸಮಯಕ್ಕೆ ಸರಿಯಾಗಿ ಬಂದು, ಚಾಚಾ ತರಿಸಿದ ಬಾಳೆಹಣ್ಣು ತಿಂದು ತನ್ನ ಊಟ ಪೂರೈಸಿದ್ದಳು. ನನಗೆ ಅಂದು ಉಪವಾಸ. ಚಾಪೆಯ ಮೇಲೆ ಕೂತ ಇಬ್ಬರೂ ಹಳೆಯ ಪರಿಚಯದವರ ಹಾಗೆ ನಗುತ್ತಿದ್ದರು. ನಾನು ತಲೆ ತಗ್ಗಿಸಿ, "ಚಾಚಾ, ನಿಮಗ ಕನ್ನಡ ಬರ್ತೈತೇನ್ರಿ?" ಎಂದೆ, ಇನ್ನೂ ಅನುಮಾನವಿರುವವನ ಹಾಗೆ.

"ಧಾರವಾಡ ಕಡಿಂದ ದೊಡ್ಡ ದೊಡ್ಡ ಗಾಯಕ್ರು ಇದ ಚಾಪಿ ಮ್ಯಾಲ ಕುಂಡ್ರತಿದ್ರು ಮಾಸ್ತರ್ರ," ಎಂದರು ಚಾಚಾ. "ತಂಬೂರಿ ಮೀಟಿ ನೋಡಿ ನನಗ ಮರಾಠ್ಯಾಗ, ನಾದ ಸರಿ ಇಲ್ಲ ಅನ್ನವ್ರು. ಶಿಷ್ಯಾಗ ಕನ್ನಡದಾಗ, ಬಿಡಬ್ಯಾಡೋ, ಇಂಥಾದ್ದು ಮತ್ತ ಸಿಗಂಗಿಲ್ಲ ಅನ್ನವ್ರು. ನಲವತ್ತ ವರ್ಷ ಆತು, ಕನ್ನಡ ಕೇಳಿದ ಮ್ಯಾಲೇನ ನಾ ರೇಟ್ ಹೇಳೂದು."

"ಹಂಗಾರ ಈಗ ರೇಟ್ ಏನ್ರಿ?" ಎಂದು ಕೇಳಿದೆ, ಎದೆ ಗಟ್ಟಿ ಮಾಡಿಕೊಂಡು.

"ನಿಮಗೊಂದು ರೇಟ್, ತಂಗಿಗೊಂದು ರೇಟ್. ನೀವು ಎಷ್ಟ ಹೇಳಿದ್ರೂ ತಗೋತೀನಿ ಅಂದ್ರಿ. ನಿಮ್ಮ ರೇಟ್ ಕೇಳಿದ್ರ ನೀವು ನಡಕೋತನ ವಿಶ್ರಾಮಬಾಗಕ್ಕ ಹೋಗ್ತೀರಿ. ಆಕಿ ಅಂದಿದ್ದು ಬ್ಯಾರೆ. ಗಂಡನ ಮಾರಿ ನೋಡಿ ಬ್ಯಾಡ ಅನ್ನಾಕ ಆಗವಲ್ದು ಅಂದ್ಲು. ಅಂಥಾಕಿ ಕೈಯಾಗ ನನ್ನ ಗಾಡಿ ಛಲೋ ಇರ್ತೈತಿ. ಆಕಿಗೆ ಕೊಟ್ಟೇನಿ."

ನನಗೆ ಕಣ್ಣು ತುಂಬಿಬಂತು. ಸುಜಾತಾ ಬೇರೆಲ್ಲೋ ನೋಡುತ್ತಿದ್ದಳು. ಆಕೆ ಒಪ್ಪಿಕೊಂಡ ಬೆಲೆ ನಾನು ಮನಸ್ಸಿನಲ್ಲಿ ಹಾಕಿಟ್ಟಿದ್ದ ಬೆಲೆಗಿಂತ ಎಷ್ಟೋ ಕಡಿಮೆಯಿತ್ತು. ಒಂದು ಷರತ್ತು ಮಾತ್ರ ಇತ್ತು: ಭಾನುವಾರ ತಂಬೂರಿ ಕಳಿಸುವುದಿದ್ದರೆ ಗಾಡಿ ಸ್ಟೇಷನ್ನಿಗೆ ಬರಬೇಕು. ಸುಜಾತಾ ನನ್ನನ್ನು ಕೇಳದೆಯೇ ಹೂಂ ಅಂದಿದ್ದಳು. ಕಾಗದಪತ್ರವೂ ಆಕೆಯ ಹೆಸರಿಗೇ ಆಯಿತು.

ಕಳೆದ ಭಾನುವಾರವೂ ಹೋದೆವು. ಈಗ ಆಕೆ ಒಂದೇ ಕೈಯಲ್ಲಿ ಗೇರು ಬದಲಿಸುತ್ತಾಳೆ, ನೋಡಲು ಬಹಳ ಚೆಂದ. ಪಕ್ಕದಲ್ಲಿ ಸೋಫಾದ ಮೇಲೆ ಚಾಚಾ, ದಾರಿ ಹೇಳುವ ಹಿರಿಯರು. ಅವರನ್ನು ಹಿಂದೆ ಕೂಡಿಸುವುದು ಮರ್ಯಾದೆಯಲ್ಲ. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಒಂದು ತಂಬೂರಿಯ ಗುಂಡನೆಯ ಭಾಗ, ಅದರ ಕುತ್ತಿಗೆ ಆ ಕಡೆಯ ಕಿಟಕಿಯ ತನಕ. ಸ್ಟೇಷನ್ನಿನ ಹತ್ತಿರ ರಸ್ತೆಯ ಉಬ್ಬೊಂದು ಬಂದು ನನ್ನ ತಲೆ ಗಾಡಿಯ ಟಾಪಿಗೆ ಬಡಿಯಿತು. ಸುಜಾತಾ ಗಾಡಿ ನಿಲ್ಲಿಸಿದಳು. ಚಾಚಾ ಗಾಬರಿಯಿಂದ ಹಿಂದೆ ತಿರುಗಿದರು. ಕನ್ನಡಿಯಲ್ಲಿ ಸುಜಾತಾಳ ಕಣ್ಣು ನನ್ನನ್ನು ಹುಡುಕಿತು. "ಏನೂ ಆಗಿಲ್ಲಲ್ರಿ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ನಾನು ತಲೆ ಸವರಿಕೊಳ್ಳುತ್ತ, ನನಗೇನೂ ಆಗಿಲ್ಲ ಎಂದೆ. ಇಬ್ಬರ ನೋಟವೂ ನನ್ನ ತೊಡೆಯ ಮೇಲೆ ಇಳಿಯಿತು. ಆಗ ನಾನು ಬಗ್ಗಿ, ತಂಬೂರಿಯನ್ನು ಎಲ್ಲ ಕಡೆ ಮುಟ್ಟಿ ನೋಡಿ, ಅದಕ್ಕೂ ಏನೂ ಆಗಿಲ್ಲ ಎಂದು ಹೇಳಿದೆ. ಗಾಡಿ ಮುಂದೆ ಹೊರಟಿತು.