ತಗಡಿನ ಆನೆಯ ಬಳಗ ಮತ್ತು ನನ್ನ ಭಯ

ಹೆದರುವವನನ್ನು ಹುಡುಕಿಕೊಂಡು ಹೆದರಿಸುವ ಸಂಗತಿಗಳು ಬರುತ್ತಲೇ ಇರುತ್ತವೆ. ಊಟಿ ಬೆಟ್ಟದ ಗೂಡಲೂರಿನಲ್ಲಿರುವ ನನ್ನ ಅಂಗಡಿಯ ವಿಳಾಸವಂತೂ ಅವಕ್ಕೆ ಬಾಯಿಪಾಠ. ಅಂಗಡಿ ಎಂದರೆ ಪೆನ್ನು, ನೋಟ್‌ಬುಕ್ಕು, ಆಟಿಕೆ ಮಾರುವ ಒಂದು ಕೋಣೆ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಇಟ್ಟದ್ದು. ಈ ಊರಿನ ಜನ ಆನೆಗೆ, ಚಿರತೆಗೆ ಮಾತ್ರ ಹೆದರುತ್ತಾರೆ. ನಾನು ಹಾಗೆ ಭೇದಭಾವ ಮಾಡುವವನಲ್ಲ. ಕರೆಂಟು ಹೋದರೂ ಹೆದರುತ್ತೇನೆ, ತಟ್ಟನೆ ಬಂದರೂ ಹೆದರುತ್ತೇನೆ.

ಇಂಥ ನನ್ನನ್ನು ಒಂದು ಆಟಿಕೆ ಕಂಪನಿ ತನ್ನ ಅಭಿಮಾನಿಗಳ ಬಳಗಕ್ಕೆ ಅಡ್ಮಿನ್ ಮಾಡಿತು. ಕೀ ಕೊಟ್ಟರೆ ಕಿರ್ ಕಿರ್ ಎಂದು ನಡೆಯುವ ತಗಡಿನ ಪ್ರಾಣಿಗಳನ್ನು ಮಾಡುತ್ತಿದ್ದ ಕಂಪನಿ ಅದು. ಇಂಟರ್ನೆಟ್ಟಿನಲ್ಲಿ ಅವರದೇ ಒಂದು ತಾಣ, ಅದರಲ್ಲಿ ನಮ್ಮ ಬೆಟ್ಟದ ಕಡೆಯವರಿಗೆಂದೇ ಒಂದು ಪುಟ. ಬೆಳಿಗ್ಗೆ ಎದ್ದು ತಮ್ಮ ಆಟಿಕೆಯ ಫೋಟೋ ಹಾಕುವುದು ಬಳಗದ ಪದ್ಧತಿ. ಅದಕ್ಕೆ ನಾವು ‘ಹಾಜರಿ’ ಎನ್ನುತ್ತಿದ್ದೆವು. ಒಂದು ಕಾಲಕ್ಕೆ ಹಾಜರಿ ನೋಡಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಗುತ್ತಿತ್ತು. ಬರಬರುತ್ತ ಹಾಜರಿ ಎಷ್ಟು ಕಡಿಮೆಯಾಯಿತೆಂದರೆ ಕಾಫಿ ಬಾಯಿ ಸುಡತೊಡಗಿತು. ನನ್ನ ಭಯಗಳಲ್ಲೆಲ್ಲ ದೊಡ್ಡ ಭಯ ಇದೇ: ಒಂದು ದಿನ ಆ ಪುಟ ಪೂರ್ತಿ ಸದ್ದಡಗಿಬಿಟ್ಟರೆ?

ಆನೆಯನ್ನು ಹೆದರಿಸಿದ್ದು

ಮೊದಲು ಒಳ್ಳೆಯ ದಿನಗಳದ್ದು ಹೇಳುತ್ತೇನೆ. ಬಳಗದಲ್ಲಿ ಫೋಟೋ ಸ್ಪರ್ಧೆ ಇಟ್ಟಿದ್ದರು. ತಗಡಿನ ಆನೆಯನ್ನು ನಿಜವಾದ ಆನೆಯ ಜೊತೆ ನಿಲ್ಲಿಸಿ ತೆಗೆದರೆ ಬಹುಮಾನ ಖಂಡಿತ ಎಂದು ನನ್ನ ತಲೆಗೆ ಹೊಳೆಯಿತು. ಹೊಳೆದದ್ದು ಅಂಗಡಿಯಲ್ಲಿ ಕೂತಿದ್ದಾಗ. ಅಲ್ಲಿ ಆನೆ ಇರಲಿಲ್ಲವಾದ್ದರಿಂದ ಧೈರ್ಯವೂ ಇತ್ತು.

ತೆಪ್ಪಕಾಡಿನ ಶಿಬಿರದಲ್ಲಿ ಆನೆಗಳಿಗೆ ಮುದ್ದೆ ತಿನ್ನಿಸುವ ಹೊತ್ತಿಗೆ ಹೋದೆ. ನೋಡಲು ಬಂದವರಿಗೆಂದು ಕಟ್ಟಿದ ಹಗ್ಗದ ಈಚೆ ಕೂತು ಕೀ ಕೊಟ್ಟೆ. ಕಣ್ಣು ದೊಡ್ಡ ಆನೆಗಳ ಕಡೆಯೇ ಇದ್ದುದರಿಂದ ಎರಡು ಸುತ್ತು ಜಾಸ್ತಿಯೇ ಕೊಟ್ಟಿರಬೇಕು. ನನ್ನ ಆನೆ ಸೊಂಡಿಲು ಎತ್ತಿಕೊಂಡು, ಕಿರ್ ಕಿರ್ ಎನ್ನುತ್ತ ಹಗ್ಗದ ಕೆಳಗೆ ನುಸುಳಿ ನಡೆದೇಬಿಟ್ಟಿತು. ಮುದ್ದೆ ತಿನ್ನುತ್ತಿದ್ದ ದೊಡ್ಡ ಆನೆ ಕೆಳಗೆ ನೋಡಿತು. ಒಂದು ಸಲ ಕಿವಿ ಅಗಲಿಸಿತು. ಆಮೇಲೆ ಘೀಳಿಟ್ಟು ಹಿಂದೆ ಹಿಂದೆ ಸರಿದು ಮಾವುತನ ಬೆನ್ನ ಹಿಂದೆ ಅಡಗಲು ನೋಡಿತು. ನಾನು ಅಷ್ಟರಲ್ಲಿ ಜೀಪಿನ ಒಳಗಿದ್ದೆ. ಯಾರ ಜೀಪು ಎಂದು ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾವುತ ಆಟಿಕೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದ. ನಾನು ಕೈ ಮುಗಿದು, “ಆನೆ ಶಾಂತ ಆಯ್ತಾಪ್ಪ?” ಎಂದೆ.

“ನಮ್ಮದು ಆಯ್ತು. ಮೊದ್ಲು ನಿಮ್ಮ ಆನೇನ ಕಟ್ಟಿಹಾಕಿ ಸಾರ್” ಎಂದ.

ಎಡಗಾಲು ನನಗೆ ಕಳಿಸಿ

ಬಳಗದಲ್ಲಿ ಇನ್ನೊಂದು ಪದ್ಧತಿ ಇತ್ತು. ಆಟಿಕೆ ರಿಪೇರಿಗೆ ಬಾರದಷ್ಟು ಕೆಟ್ಟರೆ ಅದರ ಫೋಟೋದ ಸುತ್ತ ಹೂವಿಟ್ಟು ಶ್ರದ್ಧಾಂಜಲಿ ಹಾಕಬೇಕು. ಎಲ್ಲರೂ ಮೊದಲು ಸಂತಾಪ ಹೇಳಬೇಕು. ಆಮೇಲೆ ಬೇಕಾದ ಬಿಡಿಭಾಗ ಕೇಳಿಕೊಳ್ಳಬಹುದು. ತಗಡಿನ ಪ್ರಾಣಿಗಳ ಬಿಡಿಭಾಗ ಬೇರೆಲ್ಲೂ ಸಿಗುವುದಿಲ್ಲ ನೋಡಿ. ಅದರಲ್ಲೂ ಕೆಂಪು ಆನೆಯ ಸೊಂಡಿಲು ಬಂಗಾರ. ಬೇಗ ಮುರಿಯುವುದೂ ಅದೇ, ಎಲ್ಲರಿಗೂ ಬೇಕಾದದ್ದೂ ಅದೇ.

ಕೂನೂರಿನಲ್ಲಿ ಒಬ್ಬ ಟೀಚರಮ್ಮ ಬಳಗದ ಸದಸ್ಯೆ. ಅವರ ತಗಡಿನ ಕೋತಿಯನ್ನು ಕಿಟಕಿಯಿಂದ ಒಂದು ಜೀವಂತ ಕೋತಿ ಎತ್ತಿಕೊಂಡು ಹೋಗಿ, ಕಚ್ಚಿ ನೋಡಿ, ಬೇಸರಪಟ್ಟು ಬಂಡೆಗೆ ಎಸೆದಿತ್ತು. ಪಾಪ, ಅವರು ಅಳುತ್ತಲೇ ಶ್ರದ್ಧಾಂಜಲಿ ಹಾಕಿದ್ದರು. ಮಾರನೆಯ ದಿನ ಅವರ ಗಂಡ ಫೋನ್ ಮಾಡಿದರು.

“ಸಾರ್, ನೀವೇ ಅಡ್ಮಿನ್ನಾ? ನನ್ನ ಹೆಂಡತಿ ಫೋನಲ್ಲಿ ಒಂದು ಮೆಸೇಜ್ ನೋಡ್ದೆ. ‘ನಿಮ್ಮ ನೋವು ಅರ್ಥವಾಗುತ್ತದೆ. ಆತ್ಮಕ್ಕೆ ಶಾಂತಿ ಸಿಗಲಿ. ಎಡಗಾಲು ನನಗೆ ಕಳಿಸಿ’ ಅಂತ ಇದೆ. ಅದರ ಕೆಳಗೆ ಇನ್ನೊಬ್ಬರು ಹೊಟ್ಟೆ ಒಳಗಿಂದು ಎಲ್ಲಾ ತನಗೆ ಬೇಕು ಅಂದಿದಾರೆ. ಇದು ಯಾವ ಥರದ ಗುಂಪು ಸಾರ್?”

ಅವರು ಹೆದರಿದ್ದು ಕೇಳಿ ನನಗೂ ಹೆದರಿಕೆಯಾಯಿತು. “ಅಯ್ಯೋ, ಅದು ತಗಡಿನ ಕೋತಿ ಸಾರ್. ನಮ್ಮಲ್ಲಿ ಸಾಯೋರೆಲ್ಲ ಬರೀ ತಗಡಿನವರು” ಎಂದು ಸಮಾಧಾನ ಮಾಡಿದೆ.

ಅವರು ಹೇಳಿದರು: “ಸರಿ. ಆದ್ರೂ ನನ್ನ ಎರಡು ಕಾಲೂ ಗಟ್ಟಿಯಾಗಿವೆ ಅಂತ ಗುಂಪಲ್ಲಿ ಒಂದು ಮಾತು ಹೇಳಿಬಿಡಿ.”

ಮಸಿನಗುಡಿಯ ಗೃಹಿಣಿ

ಆಮೇಲೆ ಕಂಪನಿಯವರು ತಗಡು ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದರು. ಕೀ ಹೋಗಿ ಬ್ಯಾಟರಿ ಬಂತು. ಹೊಸ ಆನೆ ನಡೆಯುವುದರ ಜೊತೆಗೆ ಇಂಗ್ಲಿಷಿನಲ್ಲಿ ಹಾಡುತ್ತಿತ್ತು. ಬಳಗದವರು ಮೊದಲು ಸಿಟ್ಟಾದರು. ಸಿಟ್ಟಾಗಿರುವವರೆಗೂ ನನಗೆ ಭಯವಿರಲಿಲ್ಲ, ಏಕೆಂದರೆ ಸಿಟ್ಟಾದವರು ಮಾತಾಡುತ್ತಾರೆ. ಆಮೇಲೆ ಸಿಟ್ಟೂ ಹೋಯಿತು. ಒಬ್ಬೊಬ್ಬರೇ ಹಾಜರಿ ಹಾಕುವುದನ್ನು ಬಿಟ್ಟರು. ನಾನು “ಎಲ್ಲರೂ ಹೇಗಿದ್ದೀರಿ?” ಎಂದು ಬರೆದರೆ ಸಂಜೆಯವರೆಗೂ ಅದು ಹಾಗೇ ಒಂಟಿಯಾಗಿ ಕೂತಿರುತ್ತಿತ್ತು.

ಕೊನೆಗೆ ಒಂದು ಉಪಾಯ ಮಾಡಿದೆ. ‘ಮಸಿನಗುಡಿಯ ಗೃಹಿಣಿ’ ಎಂಬ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ನನ್ನ ಪ್ರಶ್ನೆಗೆ ನಾನೇ ಉತ್ತರ ಕೊಡತೊಡಗಿದೆ. ಮಾತು ಬೆಳೆಯಲಿ ಎಂದು ಆ ಗೃಹಿಣಿ ನನ್ನನ್ನು ಹೊಗಳುತ್ತಿದ್ದಳು. ಅಡ್ಮಿನ್ ಅವರ ತಾಳ್ಮೆ ದೊಡ್ಡದು, ಅಡ್ಮಿನ್ ಅವರ ಬರವಣಿಗೆ ಚೆಂದ, ಇಂಥವರು ಇರುವುದರಿಂದಲೇ ಬಳಗ ಉಳಿದಿದೆ, ಹೀಗೆ. ಓದಿ ನನಗೇ ಖುಷಿಯಾಗುತ್ತಿತ್ತು.

ಒಂದು ಸಂಜೆ ಹೆಂಡತಿ ನನ್ನ ಫೋನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ನಗುವಿಲ್ಲ. “ರೀ, ಯಾರು ಈ ಮಸಿನಗುಡಿಯವಳು?”

ನಿಜ ಹೇಳಿದರೆ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಸಂಸಾರ ಹೋಗುತ್ತದೆ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಫೋನು ವಾಪಸು ಕೊಟ್ಟಳು. “ಹೆದರ್ಕೋಬೇಡಿ, ಗೊತ್ತಾಯ್ತು. ನಿಮ್ಮನ್ನ ಇಷ್ಟು ಹೊಗಳೋ ಹೆಂಗಸು ಭೂಮಿ ಮೇಲೇ ಇಲ್ಲ. ಇದು ನೀವೇ.”

ಮಂಜಿನಲ್ಲಿ ಸಭೆ

ಅಷ್ಟರಲ್ಲಿ ಕಂಪನಿಯಿಂದ ಸಂದೇಶ ಬಂತು. ಜನ ಮಾತಾಡದ ಪುಟಗಳನ್ನು ಬರುವ ತಿಂಗಳು ಮುಚ್ಚುತ್ತಾರಂತೆ. ಅದುವರೆಗೆ ಹಾಕಿದ ಫೋಟೋ, ಮಾತು, ಜಗಳ ಎಲ್ಲ ಅದರ ಜೊತೆಗೇ ಹೋಗುತ್ತದಂತೆ. ನಾನು ಊಟ ಬಿಟ್ಟೆ. ಊಟಿಯಲ್ಲಿ ಕೆರೆಯ ಪಕ್ಕದ ಕಲ್ಲು ಕಟ್ಟೆಯ ಹತ್ತಿರ ತುರ್ತು ಸಭೆ ಎಂದು ಎಲ್ಲರಿಗೂ ತಿಳಿಸಿದೆ. ಬರುತ್ತೇವೆ ಎಂದವರು ಬಹಳ ಜನ.

ಆ ಬೆಳಿಗ್ಗೆ ಮಂಜು ಹೇಗಿತ್ತೆಂದರೆ ನನ್ನ ಚಪ್ಪಲಿ ನನಗೆ ಕಾಣುತ್ತಿರಲಿಲ್ಲ. ಕಟ್ಟೆಯ ಒಂದು ತುದಿಯಲ್ಲಿ ಕೂತೆ. ಯಾರೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಮಂಜಿನೊಳಗೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗಾಯಿತು. ಕರಡಿಯೇ ಇರಬೇಕು ಅಂದುಕೊಂಡೆ. ಓಡೋಣವೆಂದರೆ ಕೆರೆ ಯಾವ ಕಡೆ, ರಸ್ತೆ ಯಾವ ಕಡೆ ಗೊತ್ತಿಲ್ಲ. ಕಣ್ಣು ಮುಚ್ಚಿ ಇದ್ದ ದೇವರನ್ನೆಲ್ಲ ಕರೆಯುತ್ತಿದ್ದೆ. ಆಗ ಕೇಳಿಸಿತು: ಕಿರ್ ಕಿರ್, ಕಿರ್ ಕಿರ್.

ಕಣ್ಣು ಬಿಟ್ಟರೆ ಕಟ್ಟೆಯ ಮೇಲೆ, ಮಂಜು ಸೀಳಿಕೊಂಡು, ಒಂದು ಕೆಂಪು ತಗಡಿನ ಆನೆ ಸೊಂಡಿಲೆತ್ತಿ ನನ್ನ ಕಡೆ ನಡೆದು ಬರುತ್ತಿದೆ. ಅದರ ಹಿಂದೆ ಬಿಳಿ ಶಾಲು ಹೊದ್ದ ಒಬ್ಬ ಅಜ್ಜ. ಊಟಿ ಹತ್ತಿರದ ಇತ್ತಲಾರ್ ಹಳ್ಳಿಯವರು, ಚಹಾ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಬಳಗದಲ್ಲಿ ಒಂದು ದಿನವೂ ಹಾಜರಿ ತಪ್ಪಿಸದವರು. ಅವತ್ತೇ ಮೊದಲು ಎದುರಿಗೆ ನೋಡಿದ್ದು. ಇಬ್ಬರೂ ಒಂದೇ ಕಟ್ಟೆಯ ಎರಡು ತುದಿಯಲ್ಲಿ ಅಷ್ಟು ಹೊತ್ತು ಕಾದು ಕೂತಿದ್ದೆವು.

ಸಭೆಗೆ ಬಂದವರು ನಾವಿಬ್ಬರೇ. ಪಕ್ಕದ ಅಂಗಡಿಯಲ್ಲಿ ಟೀ ಕುಡಿದೆವು. ಅಜ್ಜ ಈ ಬೆಟ್ಟದ ಬಡಗ ಜನಾಂಗದವರು; ಬಡಗ ಭಾಷೆ, ತಮಿಳು, ಕನ್ನಡ ಮೂರನ್ನೂ ಸೇರಿಸಿ ಮಾತಾಡುತ್ತಾರೆ. ಅದನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ತಮ್ಮಾ, ಮನೇಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲಾ ಒಳ್ಳೇವ್ರೇ. ಆದ್ರೆ ಇದನ್ನ ತೋರ್ಸಿದ್ರೆ ನಗ್ತಾರೆ. ಚಿಕ್ಕವನಿದ್ದಾಗ ನಂಗೆ ಒಂದು ಆಟದ ಸಾಮಾನು ಸಿಕ್ಕಿಲ್ಲ. ಇದನ್ನ ನಮ್ಮನೆಯವಳು ಕೂನೂರಲ್ಲಿ ತಂದು ಕೊಟ್ಟಿದ್ದು, ಅವಳೂ ಹೋದ್ಲು. ಆ ಪುಟ ಮುಚ್ಚಿಬಿಟ್ರೆ ಬೆಳಿಗ್ಗೆ ಎದ್ದು ಇದನ್ನ ಯಾರಿಗೆ ತೋರ್ಸಲಿ?”

ಮಾತು ಬೇರೆ ಕಡೆ ತಿರುಗಲಿ ಎಂದು, “ಅಜ್ಜಾ, ಮಂಜಲ್ಲಿ ಕರಡಿ ಅಂತ ಪ್ರಾಣ ಹೋದಂಗಾಯ್ತು” ಎಂದೆ.

“ನಂಗೂ ಹಂಗೇ. ನೀನು ಚಹಾ ತೋಟದಿಂದ ಇಳಿದು ಬಂದ ಕಾಡೆಮ್ಮೆ ಅಂದ್ಕೊಂಡೆ. ಅದಕ್ಕೇ ಮೊದ್ಲು ಆನೆ ಕಳಿಸ್ದೆ” ಎಂದರು ಅಜ್ಜ.

ಸೊಂಡಿಲಿಗೆ ಜಗಳ

ಆ ತಿಂಗಳು ಮುಗಿಯುತ್ತ ಬಂತು. ಬಳಗದಲ್ಲಿ ಉಳಿದದ್ದು ಅಜ್ಜನ ಹಾಜರಿ, ನನ್ನ ಹಾಜರಿ. ಒಂದು ಬೆಳಿಗ್ಗೆ ಅಜ್ಜನ ಫೋಟೋ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಫೋನು ಸ್ವಿಚ್ ಆಫ್.

ಇತ್ತಲಾರ್ ಕಡೆಯಿಂದ ಕ್ಯಾರೆಟ್ ತುಂಬಿಕೊಂಡು ಬರುವ ಲಾರಿ ಡ್ರೈವರ್ ಒಬ್ಬ ನನ್ನ ಅಂಗಡಿ ಮುಂದೆ ಟೀಗೆ ನಿಲ್ಲಿಸುತ್ತಾನೆ. ಅಜ್ಜನ ಮನೆ ಅವನಿಗೆ ಗೊತ್ತು. ಕೇಳಿದೆ.

“ಅವ್ರ ಮನೆ ಮುಂದೆ ಬಹಳ ಜನ ಸೇರಿದ್ರು ಸಾರ್. ಎಲ್ಲಾ ಬಿಳಿ ಬಟ್ಟೆ, ಬಿಳಿ ಶಾಲು. ವಾದ್ಯನೂ ಇತ್ತು. ನಾನು ಲೋಡ್ ಇತ್ತು ಅಂತ ನಿಲ್ಲಿಸಲಿಲ್ಲ” ಎಂದ.

ಬಡಗರು ಮದುವೆಗೂ ಬಿಳಿ ಉಡುತ್ತಾರೆ, ಹಬ್ಬಕ್ಕೂ ಬಿಳಿ ಉಡುತ್ತಾರೆ. ಹುಟ್ಟಿದಾಗಿನಿಂದ ಈ ಜಿಲ್ಲೆಯಲ್ಲಿರುವ ನನಗೆ ಇದು ಗೊತ್ತು. ಆದರೆ ನನ್ನ ಭಯ ಇನ್ನೂ ಗುಂಡ್ಲುಪೇಟೆಯದು; ಅದಕ್ಕೆ ಬಿಳಿ ಬಟ್ಟೆಯ ಗುಂಪು ಎಂದರೆ ಒಂದೇ ಅರ್ಥ. ಅಂಗಡಿಯಲ್ಲೇ ಕೂತು ಅತ್ತೆ. ನಮ್ಮ ಪದ್ಧತಿಯ ಹಾಗೆ ಅಜ್ಜ ಮತ್ತು ಕೆಂಪು ಆನೆಯ ಫೋಟೋದ ಸುತ್ತ ಹೂವಿಟ್ಟು, “ನಮ್ಮ ಬಳಗದ ಹಿರಿಯರು ಇನ್ನಿಲ್ಲ” ಎಂದು ಹಾಕಿದೆ.

ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಎಷ್ಟೋ ಕಾಲದಿಂದ ಉಸಿರೆತ್ತದಿದ್ದವರೆಲ್ಲ ಎದ್ದು ಬಂದರು. “ಓಂ ಶಾಂತಿ.” “ತುಂಬಲಾರದ ನಷ್ಟ.” “ದುಃಖದಲ್ಲಿ ನಾವೂ ಭಾಗಿ. ಕೆಂಪು ಆನೆಯ ಸೊಂಡಿಲು ಗಟ್ಟಿ ಇದೆಯೇ?” “ಸೊಂಡಿಲು ನನಗೆ, ಮೊದಲು ಕೇಳಿದ್ದು ನಾನು.” “ನೀವು ಸಂತಾಪವನ್ನೇ ಹೇಳಿಲ್ಲ, ನಿಮಗೆ ಹಕ್ಕಿಲ್ಲ.” “ಅಜ್ಜ ಬದುಕಿದ್ದಾಗಲೇ ಸೊಂಡಿಲು ನನಗೆ ಎಂದಿದ್ದರು.” ಮಧ್ಯಾಹ್ನದ ಹೊತ್ತಿಗೆ ಮೂರು ಪಂಗಡವಾಗಿತ್ತು. ನಡುವೆ ಕೂನೂರಿನ ಟೀಚರಮ್ಮನ ಗಂಡನ ಫೋನು ಬಂತು: “ಬರೀ ತಗಡಿನವರು ಅಂದಿದ್ರಲ್ಲ ಸಾರ್?”

ಅವರಿಗೆ ಏನು ಹೇಳಲಿ ಎಂದು ಒದ್ದಾಡುತ್ತಿರುವಾಗಲೇ ಪುಟದಲ್ಲಿ ಹೊಸದೊಂದು ಸಾಲು ಬಂತು. ಪಕ್ಕದಲ್ಲಿ ಅಜ್ಜನ ಹೆಸರು, ಅಜ್ಜನ ಫೋಟೋ.

“ಸೊಂಡಿಲು ಯಾರಿಗೂ ಇಲ್ಲ. ನಾನು ಇನ್ನೂ ಬಳಸುತ್ತಿದ್ದೇನೆ.”

ನಾನು ಕೂಗಿದ ಕೂಗಿಗೆ, ಅಂಗಡಿಗೆ ಊಟ ತಂದು ಬುತ್ತಿ ಬಿಚ್ಚುತ್ತಿದ್ದ ಹೆಂಡತಿ ಓಡಿ ಬಂದಳು. “ಏನಾಯ್ತುರೀ?”

“ಅಜ್ಜ ಬರೆದಿದ್ದಾರೆ.”

“ಯಾವ ಅಜ್ಜ?”

“ಸತ್ತವರು.”

ಅವಳು ಫೋನು ಕಸಿದುಕೊಂಡು ಓದಿದಳು. ಆಮೇಲೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಮಾರನೆಯ ದಿನವೇ ಬಸ್ಸು ಹತ್ತಿ ಇತ್ತಲಾರಿಗೆ ಹೋದೆ. ನಡೆದದ್ದು ಮೊಮ್ಮಗಳ ಮದುವೆ. ಅಜ್ಜನ ಫೋನು ನೀರಿಗೆ ಬಿದ್ದು ಕೂನೂರಿನಲ್ಲಿ ರಿಪೇರಿಗೆ ಕೂತಿತ್ತು. ನನ್ನನ್ನು ಕರೆಯೋಣವೆಂದರೆ ನನ್ನ ನಂಬರೂ ಅದರಲ್ಲೇ ಇತ್ತು. ಹಿಂದಿನ ದಿನ ಅದು ರಿಪೇರಿಯಾಗಿ ಕೈಗೆ ಬಂದಾಗ ಪುಟ ತೆರೆದರೆ ಅಲ್ಲಿ ಅವರದೇ ಶ್ರದ್ಧಾಂಜಲಿ. ನಾನು ಅಜ್ಜನ ಕಾಲಿಗೆ ಬಿದ್ದೆ.

“ತಪ್ಪಾಯ್ತು ಅಜ್ಜಾ. ನಿಮ್ಮನ್ನ ಸಾಯಿಸಿಬಿಟ್ಟೆ.”

“ಅದಿರ್ಲಿ. ಪುಟ ಉಳೀತಾ?”

“ಉಳೀತು. ಇಷ್ಟು ಮಾತು ಬೇರೆ ಯಾವ ಪುಟದಲ್ಲೂ ಆಗಿಲ್ಲ ಅಂತ ಕಂಪನಿಯವರೇ ಬರೆದಿದ್ದಾರೆ.”

ಅಜ್ಜನ ಮುಖ ಅರಳಿತು. ಮದುವೆಯ ಸಿಹಿ ತರಿಸಿ ನನ್ನ ಕೈಗಿಟ್ಟರು. “ಹಂಗಾದ್ರೆ ಚಿಂತೆ ಯಾಕೆ? ಮತ್ತೆ ಮುಚ್ತೀವಿ ಅಂದ್ರೆ ನನ್ನನ್ನ ಇನ್ನೊಂದು ಸಲ ಸಾಯ್ಸು.”

ಸಿಹಿ ಬಾಯಲ್ಲಿಟ್ಟುಕೊಂಡೇ ನಾನು ಕೈ ಮುಗಿದೆ. “ಬೇಡ ಅಜ್ಜಾ. ಆಮೇಲೆ ನೀವು ನಿಜವಾಗ್ಲೂ ಹೋದ ದಿನ ನಾನು ಹಾಕಿದ್ರೆ ಯಾರೂ ನಂಬಲ್ಲ.”

ಅಜ್ಜ ಕೆಂಪು ಆನೆಗೆ ಕೀ ಕೊಟ್ಟು ಜಗಲಿಯ ಮೇಲೆ ಬಿಟ್ಟರು. ಅದು ಸೊಂಡಿಲೆತ್ತಿಕೊಂಡು ಕಿರ್ ಕಿರ್ ಎಂದು ನನ್ನ ಕಡೆ ನಡೆಯಿತು.

“ಅವತ್ತು ಸೊಂಡಿಲು ಕೊಟ್ಟುಬಿಡು. ನಂಬ್ತಾರೆ” ಎಂದರು.

ಅಲ್ಲಿಂದೀಚೆಗೆ ಬೆಳಿಗ್ಗೆ ಅಜ್ಜನ ಹಾಜರಿ ಬಂದ ಕೂಡಲೇ ನಾನು ಮೊದಲು ನೋಡುವುದು ಆನೆಗೆ ಸೊಂಡಿಲು ಇದೆಯೇ ಎಂದು.